ಹವಳದ ತೊಟ್ಟಿಯ ಬೆಳಕು ಅಳೆದದ್ದು

ಹವಳಕ್ಕೆ ಜೀವವಿದೆ ಎಂದು ನನಗೆ ಗೊತ್ತಾದದ್ದು ಹೋದ ಬೇಸಿಗೆಯಲ್ಲಿ, ನನ್ನ ಮೊಮ್ಮಗಳಿಂದ. ಅಲ್ಲಿಯತನಕ ಹವಳವೆಂದರೆ ನನ್ನ ತಾಳಿಯ ಕರಿಮಣಿಗಳ ನಡುವೆ ಕೂತ ಕೆಂಪು ಮಣಿ, ಅಷ್ಟೇ. ಹಾಗೆಂದು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಅಜ್ಜಿ ಇಷ್ಟು ವರ್ಷ ಯಾರದೋ ಮನೆ ಮುರಿದು ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದಾಳೆ ಎಂದು ಅವಳು ಮನೆಮಂದಿಗೆಲ್ಲ ಸಾರಿಬಂದಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಅವಳು ಹನ್ನೊಂದನೆಯದರಲ್ಲಿ ಇರುವವಳು. ಅವಳ ಕೈಯಲ್ಲಿ ಬೈಸಿಕೊಂಡರೂ ನನಗೆ ಹಿಗ್ಗೇ ಬರುತ್ತದೆ. ಏನು ಮಾಡಲಿ?

ನಾವು ಮುದುಕ ಮುದುಕಿ ಇರುವುದು ನಾಸಿಕದಲ್ಲಿ. ನಮ್ಮವರು ಬೀದರ್ ಕಡೆಯಿಂದ ಬಂದು ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ನಿವೃತ್ತಿಯಾದ ಮೇಲೆ ಅಳೆಯಲು ವಿಮಾನವಿಲ್ಲ, ನಾನಿದ್ದೇನೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಎನ್ನುತ್ತಾರೆ. ಹಾಗಾದರೆ ದಪ್ಪನೆಯ ಕಡೆಯಿಂದ ತಿನ್ನಿರಿ ಎನ್ನುತ್ತೇನೆ.

ಮಗಳು, ಅಳಿಯ, ಮೊಮ್ಮಗಳು ಇರುವುದು ಸಂಭಾಜಿನಗರದಲ್ಲಿ. ಅಳಿಯನಿಗೆ ಬ್ಯಾಂಕಿನ ನೌಕರಿ. ಅವರ ಓಣಿಗೆ ನಳ ಬರುವುದು ವಾರಕ್ಕೊಮ್ಮೆ; ಬಂದ ದಿನ ಮಗಳು ಚರಿಗೆಯಿಂದ ಹಿಡಿದು ಕುಕ್ಕರಿನವರೆಗೆ ಎಲ್ಲವನ್ನೂ ತುಂಬಿಡುತ್ತಾಳೆ. ಅಂಥ ಮನೆಯ ಪಡಸಾಲೆಯಲ್ಲಿ ಒಂದು ಸಮುದ್ರ! ಮೊಮ್ಮಗಳು ನೀರನ್ನು ಸೋಸಿ, ಅದಕ್ಕೆಂದೇ ಬರುವ ಉಪ್ಪನ್ನು ಕಲಸಿ, ಗಾಜಿನ ತೊಟ್ಟಿಯಲ್ಲಿ ಸಮುದ್ರವನ್ನೇ ಕೂಡಿಸಿದ್ದಳು. ಬೀಗರು ಬಂದರೆ ಅರ್ಧ ಲೋಟ, ಮೀನಿಗೆ ಮಾತ್ರ ಕೊಡಗಟ್ಟಲೆ ಎಂದು ಮಗಳ ಗೊಣಗಾಟ. ಗೊಣಗುತ್ತಲೇ ನೀರನ್ನೂ ಎತ್ತಿಕೊಡುತ್ತಿದ್ದಳು.

ತೊಟ್ಟಿಯಲ್ಲಿ ಎರಡು ಪಟ್ಟೆಯ ಮೀನುಗಳಿದ್ದವು. ಮೊಮ್ಮಗಳ ಜೀವವೆಲ್ಲ ಇದ್ದದ್ದು ಮಾತ್ರ ಒಂದು ಹಸಿರು ಹವಳದ ಮೇಲೆ. ನೀರು ಆಡಿದಂತೆ ಆಡುವ ಮೆತ್ತನೆಯ ಬೆರಳುಗಳು, ತುದಿಯಲ್ಲಿ ಸಣ್ಣ ಸುತ್ತಿಗೆಯ ತಲೆ. ನಾವು ರಜೆಗೆಂದು ಹೊರಡುವ ಹೊತ್ತಿಗೆ ಆ ಹಸಿರು ತೊಳೆದ ಬಟ್ಟೆಯ ಹಾಗೆ ಮಾಸತೊಡಗಿತ್ತು. ಅಳಿಯ ಕೆಟ್ಟವನಲ್ಲ; ಆದರೆ ಕಣ್ಣೆದುರು ಒಂದು ಪ್ರಾಣಿ ಸಾಯುವುದನ್ನು ನೋಡಲಾರೆ, ರಜೆಯೊಳಗೆ ಬಣ್ಣ ಮರಳದಿದ್ದರೆ ತೊಟ್ಟಿಯನ್ನೇ ಹವಳ ಮಾರಿದ್ದ ನಾಸಿಕದ ಮೀನಿನ ಅಂಗಡಿಯವನಿಗೆ ಕೊಟ್ಟುಬಿಡುವುದು, ಅವನಾದರೂ ಬದುಕಿಸುತ್ತಾನೆ ಎಂದು ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಅವನದು ಒಂದೇ ಮಾತು.

ಎಲ್ಲವೂ ಬೆಳಕಿನ ಆಟ ಎಂದು ಮೊಮ್ಮಗಳು ನನಗೆ ಫೋನಿನಲ್ಲೇ ಬಿಡಿಸಿ ಹೇಳಿದ್ದಳು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದಂತೆ. ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೂ ಬಡಿಸುವುದು ಅದೇ. ಬೆಳಕು ಕಡಿಮೆಯಾದರೆ ಇಬ್ಬರಿಗೂ ಉಪವಾಸ. ಹೆಚ್ಚಾದರೆ ಪಾಚಿ ಸುಟ್ಟುಕೊಂಡು ಮನೆ ಬಿಟ್ಟು ಓಡುತ್ತದೆ, ಹವಳ ಬೆಳ್ಳಗಾಗುತ್ತದೆ. ಅವಳ ತೊಟ್ಟಿಗೆ ಹಳೆಯ ಬಿಳಿ ಟ್ಯೂಬು, ಒಂದು ನೀಲಿ ಟ್ಯೂಬು, ಮತ್ತೆ ಅಪ್ಪ ಹುಟ್ಟುಹಬ್ಬಕ್ಕೆ ಕೊಡಿಸಿದ ಹೊಸ ಎಲ್ಇಡಿ. ಯಾವುದು ಎಷ್ಟು ಬೆಳಕು ಕೊಡುತ್ತದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ನಮಗೆ ಮಬ್ಬಾಗಿ ಕಾಣುವ ನೀಲಿಯೇ ಹವಳಕ್ಕೆ ಹಬ್ಬದೂಟ. ಅದಕ್ಕೊಂದು ಮೀಟರ್ ಬೇಕು. ನಾಸಿಕದ ಆ ಅಂಗಡಿಯವನ ಹತ್ತಿರವೇ ಒಂದಿತ್ತು. ಅಳೆಯುವ ಯಂತ್ರ ತರಬೇಕೆಂದಾಗ ನಮ್ಮವರ ಮುಖ ನೋಡಬೇಕಿತ್ತು. ಮದುವೆಯಲ್ಲೂ ಅಷ್ಟು ಕಳೆ ಇರಲಿಲ್ಲ.

ಎರವಲು ತಂದ ಮೀಟರನ್ನು ಅವರು ಮೊದಲು ದೇವರ ಜಗುಲಿಯ ಮೇಲಿಟ್ಟರು. ನಮ್ಮ ಮನೆಯಲ್ಲಿ ಯಾವ ಸಾಮಾನು ಬಂದರೂ, ಸ್ಕ್ರೂಡ್ರೈವರ್ ಆದರೂ ಸರಿ, ವಿಭೂತಿ ಹಚ್ಚದೆ ಕೆಲಸಕ್ಕೆ ಇಳಿಸುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಚ್ಚಿ, ಕೈಮುಗಿದು, ಆಮೇಲೆ ಮತ್ತೊಬ್ಬರ ವಸ್ತು ಕೊಳೆಯಾಗಬಾರದೆಂದು ತಂತಿಯ ತುದಿಯಲ್ಲಿ ಬೆಳಕು ಹಿಡಿಯುವ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಹಾಕಿದರು. ಟಿವಿಯ ರಿಮೋಟಿಗೂ ನಮ್ಮಲ್ಲಿ ಅದೇ ಅಂಗಿ. ಬಸ್ಸು ಯೇವಲಾ ದಾಟುವತನಕ ಮೀಟರ್ ಅವರ ತೊಡೆಯ ಮೇಲೆ. ನನ್ನ ಚೀಲ ನನ್ನ ಕಾಲಡಿ.

ಮರುದಿನವೇ ಅಳತೆ. ಗುಂಡಿಯನ್ನು ಕೋಲಿಗೆ ಕಟ್ಟಿ ಹವಳದ ಪಕ್ಕಕ್ಕೆ ಇಳಿಸುವುದು ನಮ್ಮವರು, ಅಂಕಿ ಓದುವುದು ನಾನು, ಹುಕುಂ ಕೊಡುವುದು ಅವಳು. ಪ್ಲಾಸ್ಟಿಕ್ ತೆಗೆಯಿರಿ, ಇದು ನೀರಿಗೇ ಮಾಡಿದ್ದು ಎಂದು ಅವಳು ಹೇಳಿದಳು. ನೀರು ಬೇರೆ, ಉಪ್ಪುನೀರು ಬೇರೆ ಎಂದು ಇವರು ಬಿಡಲಿಲ್ಲ. ಹೇಗೂ ಪ್ಲಾಸ್ಟಿಕ್ಕಿನ ಆಚೆ ಕಾಣುತ್ತದಲ್ಲ ಎಂದು ಅವಳೂ ಬಿಟ್ಟುಕೊಟ್ಟಳು.

ಬಿಳಿ ಟ್ಯೂಬಿಗೆ ಬಂದದ್ದು ಹತ್ತರೊಳಗೆ. ನೀಲಿಗೆ ಹದಿನೈದು. ಹೊಸ ಎಲ್ಇಡಿಗೆ ಅರವತ್ತು. ಇಂಥ ಹವಳಕ್ಕೆ ನೂರು ಬೇಕು ಎಂದು ಅವಳು ಓದಿಕೊಂಡಿದ್ದಳು. ನಾನಂತೂ ಚಾಂದವಡ್‌ನ ಉಳ್ಳಾಗಡ್ಡಿ ಹರಾಜಿನವರ ಹಾಗೆ ಕೂಗುತ್ತಿದ್ದೆ, ಕೂಗಿದರೆ ಅಂಕಿ ಏರಬಹುದು ಎಂಬಂತೆ. ಬೆಳಕು ಕಡಿಮೆ ಎಂದು ತೀರ್ಮಾನವಾಯಿತು. ಮೂರೂ ದೀಪ ಹಚ್ಚಿ, ಎಲ್ಇಡಿಯನ್ನು ನೀರಿನ ಹತ್ತಿರಕ್ಕೆ ಇಳಿಸಿದರು. ನೂರು ಬಂತು. ನಮ್ಮವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ನಾನು ಶಿರಾ ಮಾಡಿದೆ.

ಶಿರಾ ಕರಗುವ ಮೊದಲೇ ಹವಳ ಮುದುಡತೊಡಗಿತು. ದಿನದಿಂದ ದಿನಕ್ಕೆ ಬೆರಳುಗಳು ಒಳಗೆ ಸೇರಿದವು. ಉಳಿದದ್ದೂ ಸುಣ್ಣದ ಬಣ್ಣಕ್ಕೆ ತಿರುಗಿತು. ಮೊಮ್ಮಗಳು ತೊಟ್ಟಿಯ ಮುಂದೆ ತಟ್ಟೆ ಹಿಡಿದು ಕೂತವಳು ಊಟ ಮಾಡದೆ ಏಳುತ್ತಿದ್ದಳು. ಅಳಿಯ ಒಂದು ಸಂಜೆ ಬಾಲ್ಕನಿಗೆ ಹೋಗಿ, ಅಂಗಡಿಯವನಿಗೆ ಬರುವ ಭಾನುವಾರ ಬಾ ಎಂದು ಫೋನು ಮಾಡಿಬಂದ.

ಮರುದಿನ ನಾನು, ಮಗಳು ಮಾಳಿಗೆಯ ಮೇಲೆ ಶಂಡಿಗೆ ಒತ್ತುತ್ತಿದ್ದೆವು. ನೆಲಕ್ಕೆ ಕಾಲಿಡಲಾಗದ ಬಿಸಿಲು. ಮೊಮ್ಮಗಳು ಮೀಟರ್ ಹಿಡಿದು ಬಂದಳು, ಅದರ ಹಿಂದೆ ತಲೆಗೆ ಟವೆಲ್ಲೂ ಇಲ್ಲದೆ ನಮ್ಮವರು. ನಡು ಮಧ್ಯಾಹ್ನದ ಸೂರ್ಯನಿಗೆ ಹಿಡಿದರೆ ಮೀಟರ್ ಎರಡು ಸಾವಿರದ ಹತ್ತಿರ ತೋರಿಸಬೇಕಂತೆ, ಎಲ್ಲಿಯೋ ಓದಿ ಒಮ್ಮೆ ನೋಡೋಣವೆಂದು ಬಂದಿದ್ದಳು. ನಾನೇ ಓದಿದೆ. ಮುನ್ನೂರ ಇಪ್ಪತ್ತು.

“ಮೋಡ ಇರಬೇಕು ಇವತ್ತ,” ಎಂದರು ನಮ್ಮವರು.

ಮೋಡವೆಂಬುದು ಸಿಲ್ಲೋಡ್‌ವರೆಗೂ ಇರಲಿಲ್ಲ. ನಾನು ಅವರ ಬೋಳು ನೆತ್ತಿಯನ್ನು ನೋಡಿ, “ಬಿಸಲ ಕಡಿಮಿ ಅದ ಅಂದ್ರ ಇಲ್ಲಿ ಕುಂದರ್ರಿ, ಉಳದ ಶಂಡಗಿ ನಿಮ್ಮ ತಲಿ ಮ್ಯಾಲ ಒತ್ತತೀನಿ. ಒಣಗತಾವೋ ಇಲ್ಲೋ ನೋಡಮು,” ಎಂದೆ.

ಮಗಳು ನಕ್ಕಳು. ಮೊಮ್ಮಗಳು ನಗಲಿಲ್ಲ. ಸೂರ್ಯನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, ಮೀಟರನ್ನು ನೋಡಿದಳು, ಅಜ್ಜನನ್ನು ನೋಡಿದಳು.

“ಅಜ್ಜಾ, ಸೂರ್ಯ ಚುಕಣಾರ ನಾಹಿ,” ಎಂದಳು. ತಲೆ ಬಿಸಿಯಾದಾಗ ಅವಳಿಗೆ ಮರಾಠಿಯೇ ಮೊದಲು ಬರುತ್ತದೆ. ಸೂರ್ಯ ತಪ್ಪುವವನಲ್ಲ, ತಪ್ಪಿದ್ದು ಮೀಟರೇ.

ರಬ್ಬರ್ ಬಿಚ್ಚಿ ಪ್ಲಾಸ್ಟಿಕ್ ತೆಗೆದಳು. ಗುಂಡಿಯ ಕಣ್ಣು ಮೊದಲೇ ಬಿಳಿ, ಕಣ್ಣಿಗೆ ಬೀಳುವಂಥದ್ದೇನೂ ಅಲ್ಲಿರಲಿಲ್ಲ. ಹೆಬ್ಬೆರಳಿನಿಂದ ತಿಕ್ಕಿದಳು. ಬೆರಳು ಬೆಳ್ಳಗಾಯಿತು. ಮೂಸಿ ನೋಡಿದಳು.

“ಅಜ್ಜಾ, ಇದು ವಿಭೂತಿ.”

ನಮ್ಮವರು ಸ್ವಲ್ಪ ಹೊತ್ತು ಶಂಡಿಗೆಗಳನ್ನೇ ನೋಡುತ್ತ ನಿಂತರು. ಆಮೇಲೆ, “ಹೊಸಾ ಸಾಮಾನ ಹಂಗ ಹ್ಯಾಂಗ ಮುಟ್ಟೋದು?” ಎಂದರು. ಯಂತ್ರಕ್ಕೆಲ್ಲ ಹಚ್ಚುವವರು ನೇರವಾಗಿ ಅದರ ಕಣ್ಣಿಗೇ ಹಚ್ಚಿ, ತೊಳೆದು ಹೋಗದಂತೆ ಮೇಲೆ ಪ್ಲಾಸ್ಟಿಕ್ಕೂ ಸುತ್ತಿದ್ದರು. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಕಾರ್ಖಾನೆಯ ಶಿಸ್ತೇ ಬೇಕು. ನನ್ನ ಸೆರಗಿನ ತುದಿ ಒದ್ದೆ ಮಾಡಿ ಅವಳು ಒರೆಸಿದಳು, ಮತ್ತೆ ಸೂರ್ಯನಿಗೆ ಹಿಡಿದಳು. ಅಂಕಿ ಎರಡು ಸಾವಿರಕ್ಕೆ ಹೋಗಿ ಮುಟ್ಟಿತು.

ಅವಳು ಮೆಟ್ಟಿಲು ಇಳಿದ ರಭಸಕ್ಕೆ ನಾನು ಶಂಡಿಗೆ ಒತ್ತುವ ಒರಳನ್ನು ಕೈಯಲ್ಲೇ ಹಿಡಿದು ಹಿಂದೆ ಓಡಿದೆ. ಈಗ ಅಳೆದರೆ ಎಲ್ಇಡಿ ಮೊದಲಿದ್ದ ಎತ್ತರದಿಂದಲೇ ಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚು ಬೆಳಕು ಸುರಿಯುತ್ತಿತ್ತು. ಹವಳ ಹಸಿದಿರಲಿಲ್ಲ, ಉರಿಯುತ್ತಿತ್ತು. ಅದರ ಮೇಲೆ ನಾವು ಇನ್ನೂ ಎರಡು ದೀಪ ಹಚ್ಚಿ ಶಿರಾ ತಿಂದಿದ್ದೆವು. ಟ್ಯೂಬುಗಳನ್ನು ಆರಿಸಿದಳು. ಎಲ್ಇಡಿಯನ್ನು ಸರಪಳಿ ಕಟ್ಟಿ ಮೇಲೆತ್ತುವ ಕೆಲಸ ನಮ್ಮವರಿಗೆ ಬಂತು. ನೂರು ಬರುವತನಕ ಒಂದೊಂದೇ ಕೊಂಡಿ ಏರಿಸಿದರು, ಯಾರ ಕಡೆಗೂ ನೋಡದೆ.

ಸಂಜೆ ಅಳಿಯ ಬಂದಾಗ ಅವಳು ನಡೆದದ್ದನ್ನೆಲ್ಲ ಹೇಳಿ, ಶಾಲೆ ಶುರುವಾಗುವತನಕ ಬಿಡಿ ಎಂದು ಕೇಳಿದಳು. ಅವನು ಮಾವನ ಕಡೆ ತಿರುಗಿ, “ಮಾವಾ, ವಿಮಾನಕ್ಕೂ ಹಿಂಗ ಹಚ್ಚತಿದ್ರೇನ್ರಿ?” ಎಂದ.

“ಆಯುಧ ಪೂಜಿಗಿ ಹಚ್ಚತಿದ್ವಿ,” ಎಂದರು ಇವರು. “ಹಾರ್ಯಾವಲ್ಲ.”

ಅಳಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕದ್ದು ಪಡಸಾಲೆಗೂ ಕೇಳಿಸಿತು. ಭಾನುವಾರದ ಮಾತು ಮುಂದಕ್ಕೆ ಹೋಯಿತು.

ಆಮೇಲೆ ಕಾಯುವುದೇ ಕೆಲಸ. ಹವಳಕ್ಕೆ ಅವಸರ ಗೊತ್ತಿಲ್ಲ. ಒಂದು ಬೆಳಗ್ಗೆ ಅವಳು ನನ್ನನ್ನು ಎಬ್ಬಿಸಿ ಎಳೆದುಕೊಂಡು ಹೋದಳು. ಬುಡದಲ್ಲಿ ತೆಳು ಚಹಾದ ಬಣ್ಣ ಬಂದಿತ್ತು. ಕಂದು ಬಣ್ಣ ಕಂಡು ಕೊಳೆತೇಹೋಯಿತು ಎಂದುಕೊಂಡೆ. ಅವಳು ಮಾತ್ರ ಕುಣಿಯುತ್ತಿದ್ದಳು. ಬಾಡಿಗೆದಾರರು ಮರಳಿ ಬಂದಿದ್ದಾರೆ ಎಂಬುದಕ್ಕೆ ಅದೇ ಗುರುತಂತೆ. ಮೊದಲ ಮಳೆ ಬೀಳುವಷ್ಟರಲ್ಲಿ ಬೆರಳುಗಳು ಹೊರಬಂದು ಆಡತೊಡಗಿದ್ದವು, ತುದಿಯಲ್ಲಿ ಹಸಿರು ಕುಡಿಯೊಡೆದಿತ್ತು.

ಅಂಗಡಿಯವನು ಬಂದದ್ದು ಶಾಲೆ ಶುರುವಾಗುವ ಹಿಂದಿನ ದಿನ. ಮೀಟರ್ ತೆಗೆದುಕೊಂಡು, ತೊಟ್ಟಿ ಒಯ್ಯಲು ಗಾಡಿ ಯಾವಾಗ ತರಲಿ ಎಂದು ಅಳಿಯನನ್ನು ಕೇಳಿದ. ಮೊಮ್ಮಗಳು ನನ್ನ ಮುಂಗೈ ಹಿಡಿದು ನಿಂತಿದ್ದಳು. ಅಳಿಯ ಕುರ್ಚಿಯೊಂದನ್ನು ಎಳೆದು ತೊಟ್ಟಿಯ ಎದುರಿಗೆ ಹಾಕಿ, ಕೂತು, ಕನ್ನಡಕ ಸರಿಮಾಡಿಕೊಂಡು ಹವಳವನ್ನು ನೋಡಿದ. ತೊಟ್ಟಿ ಇಲ್ಲಿಯೇ ಇರುತ್ತದೆ ಎಂದು ಮರಾಠಿಯಲ್ಲಿ ಹೇಳಿದ, ತಿರುಗಿಯೂ ನೋಡದೆ.

ಅವಳು ಒತ್ತಿದ ಒತ್ತಿಗೆ ನನ್ನ ಬಳೆಯೊಂದು ಚಟ್ಟೆಂದು ಒಡೆದು ಮುಂಗೈ ಗೀರಿತು. ಒಡೆಯಲಿ ಬಿಡಿ. ನಾಸಿಕಕ್ಕೆ ಮರಳುವ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು, ಕೈಗೆ ಏನಾಯಿತು ಎಂದು ಕೇಳಿದಳು; ನಾನು ಮೊದಲಿನಿಂದ ಕತೆ ಶುರುಮಾಡಿದೆ. ಅವಳು ವೈಜಾಪುರದಲ್ಲಿ ಇಳಿಯುವವಳಂತೆ. ಪಾಪ, ಹವಳ ಇನ್ನೂ ಬೆಳ್ಳಗಿರುವಾಗಲೇ ಅವಳ ಊರು ಬಂದುಬಿಟ್ಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬದುಕಿತವ್ವ, ಬದುಕಿತು ಎಂದು ಕೂಗಿ ಹೇಳಿದೆ.