ಹಿಂದಿನ ಸೀಟಿನ ಹಾರಾಟ

ಮಧ್ಯಾಹ್ನ ಹೊಲಿಗೆಯಂತ್ರಕ್ಕೆ ಮುಸುಕು ಹಾಕಿದ ಮೇಲೆ ಟೈಲರಮ್ಮ ಎಲ್ಲಿಗೆ ಹೋಗುತ್ತಾಳೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಹೋಗುತ್ತಿದ್ದುದು ಹಿತ್ತಲ ಶೆಡ್ಡಿಗೆ. ಲಾರಿ ಮೆಕ್ಯಾನಿಕ್ ಗಂಡ ವರ್ಷಗಳಿಂದ ಕಟ್ಟುತ್ತಿದ್ದ ಎರಡು ಸೀಟಿನ ಪುಟ್ಟ ವಿಮಾನ ಅಲ್ಲಿ ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಮೇಲಕ್ಕೆತ್ತಿ ಕೂತಿತ್ತು. ರೆಕ್ಕೆಯ ಬಟ್ಟೆ ಹೊಲಿದವಳು ಅವಳೇ. ಕೂಲಿ ಎಷ್ಟೆಂದು ಗಂಡ ಕೇಳಿದ್ದಕ್ಕೆ, "ಹಿಂದಿನ ಸೀಟು ನಂದು, ಅಷ್ಟೇ" ಅಂದಿದ್ದಳು.

ಚಪ್ಪಲಿ ಕಳಚಿ ಆ ಸೀಟಿಗೆ ಹತ್ತಿ ಕಣ್ಣು ಮುಚ್ಚಿದರೆ ಶೆಡ್ಡು ಕರಗಿಹೋಗುತ್ತಿತ್ತು. ಕಾಲಡಿಯ ಪೆಡಲುಗಳನ್ನು ಹೊಲಿಗೆಯಂತ್ರದ ರೂಢಿಯಲ್ಲೇ ತುಳಿಯುವಳು. ಎಡಗಾಲು ಒತ್ತಿದರೆ ಹೊಳೆ, ಬಲಗಾಲು ಒತ್ತಿದರೆ ಗುಡ್ಡ. ಮೋಡಗಳ ಮೇಲೆ ಬಿಸಿಲು ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಬೆಚ್ಚಗೆ ಹರಡಿರುತ್ತಿತ್ತು. ಮೊಮ್ಮಕ್ಕಳನ್ನು ಕಂಡ ಹೆಂಗಸು. ಅಷ್ಟು ಹೊತ್ತು ಮಾತ್ರ ಯಾರ ಹೆಂಡತಿಯೂ ಅಲ್ಲ, ಯಾರ ಅಜ್ಜಿಯೂ ಅಲ್ಲ.

ಗಂಡನ ಪಾಡು ಬೇರೆ. ಬಾಲದ ಚಕ್ರವನ್ನು ತಿರುಗಿಸಲು ಎರಡೂ ಬದಿಗೆ ಕಟ್ಟಿದ್ದ ಸ್ಪ್ರಿಂಗುಗಳು, ವಿಮಾನ ನಿಂತಲ್ಲೇ ನಿಂತಿದ್ದರೂ, ಜೋಲು ಬೀಳುತ್ತಿದ್ದವು. ಕೊಕ್ಕೆಗಳು ಸವೆಯುತ್ತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬೈಗುಳವೆಲ್ಲ ಸ್ಪ್ರಿಂಗಿನ ಅಂಗಡಿಯವನ ಪಾಲಾಯಿತು. ಕೊನೆಗೊಂದು ದಿನ ಗಂಡ ಪಾನಾ ಹಿಡಿದು ಬಂದ.

"ಬಾಲದ ಮೇಲೆ ಭಾರ ಜಾಸ್ತಿ ಆಯ್ತು ಕಣೇ. ಹಿಂದಿನ ಸೀಟು ಬಿಚ್ಚಿಬಿಡ್ತೀನಿ."

"ಬೇರೆ ಏನೂ ಕಾರಣ ಇರಲ್ವಾ?"

"ನಿಂತಿರೋವಾಗ ಪೆಡಲ್ ತುಳಿದ್ರೂ ಹೀಗಾಗುತ್ತೆ. ಬಾಲದ ಚುಕ್ಕಾಣಿ ತಿರುಗುತ್ತೆ, ನೆಲಕ್ಕೆ ಅದುಮಿರೋ ಚಕ್ರ ತಿರುಗಲ್ಲ, ಮಧ್ಯೆ ಸ್ಪ್ರಿಂಗ್ ಜಗ್ಗುತ್ತೆ. ಆದ್ರೆ ಇಲ್ಲಿ ತುಳಿಯೋರು ಯಾರಿದಾರೆ?"

ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಆಕಾಶವೇ ಹೋಗುತ್ತದೆ.

"ನಾನೇ ರೀ," ಅಂದಳು. "ದಿನಾ ಮಧ್ಯಾಹ್ನ. ಹಾರ್ತಾ ಇದ್ದೆ."

ಅವನು ಪಾನಾ ಜೇಬಿಗೆ ಹಾಕಿಕೊಂಡು ಹೊರಟುಹೋದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮರುದಿನ ಹೊಲಿಗೆಯಂತ್ರದ ಮುಂದಿನ ಸ್ಟೂಲು ಮಾಯ. ಮನೆಯೆಲ್ಲ ಹುಡುಕಿ, ಹುಡುಕುತ್ತಲೇ ಶೆಡ್ಡಿಗೆ ಹೋದಳು. ಮುಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿಟ್ಟಿತ್ತು. ಹಿಂದೆ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಅವಳ ಸ್ಟೂಲು, ಅದರ ಮೇಲೆ ವಿಮಾನದ ಬಾಲ. ಪುಟ್ಟ ಚಕ್ರ ಯಾವ ಭಾರವೂ ಇಲ್ಲದೆ ಗಾಳಿಯಲ್ಲಿ ತೂಗುತ್ತಿತ್ತು. ಸೀಟಿನ ಬೋಲ್ಟುಗಳನ್ನು ಹೊಸದಾಗಿ ಬಿಗಿದಾಗಿತ್ತು.

ಚಪ್ಪಲಿ ಕಳಚಿ ಹತ್ತಿದಳು. ಸದಾ ಎದುರಿಗೆ ಅಡ್ಡವಾಗಿರುತ್ತಿದ್ದ ಮೂತಿ ಈಗ ಕೆಳಗಿಳಿದು, ತೆರೆದ ಬಾಗಿಲಾಚೆ ಬಯಲು, ಬಯಲಿನಾಚೆ ಮರಗಳ ಸಾಲು, ಅದರ ಮೇಲೆ ಬರೀ ಆಕಾಶ ಕಂಡಿತು. ಹಾರುವಾಗ ವಿಮಾನ ಹೀಗೇ ಇರುತ್ತದೆಂದು ಗಂಡ ಎಂದೋ ಹೇಳಿದ್ದ.

ಅವನು ಬಂದು ಮುಂದಿನ ಸೀಟಿನಲ್ಲಿ ಕೂತ. ಅವಳಿಗೆ ಮುಂದಿನದು ಕಾಣಲೆಂದು ತಲೆ ತಗ್ಗಿಸಿದ. ಕಾಲುಗಳನ್ನು ತನ್ನ ಕಡೆಯ ಪೆಡಲುಗಳಿಂದ ಹಿಂದಕ್ಕೆಳೆದುಕೊಂಡ.

"ಎಲ್ಲಿಗೆ ಹೋಗೋಣ?"

ಅವಳು ಎಡಗಾಲು ಒತ್ತಿದಳು. ಹಿಂದೆ ಚಕ್ರ ಸಲೀಸಾಗಿ ತಿರುಗಿತು.

"ಹೊಳೆ ಕಡೆಗೆ," ಅಂದಳು. ಅಂದು ಅವಳು ಕಣ್ಣು ಮುಚ್ಚಲಿಲ್ಲ.