ಹೆಸರು ಹಾಕದ ಅಭಿಮಾನಿ

ಜಹೀರಾಬಾದಿನ ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಆತ ಒಬ್ಬ ಸಿನಿಮಾ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷ. ಅಭಿಮಾನಿಗಳು ಹೆಸರು ಹಾಕದೆ ಮನಸ್ಸಿನ ಮಾತು ಬರೆಯುವ ಪುಟವೊಂದನ್ನು ಫೋನಿನಲ್ಲಿ ನಡೆಸುತ್ತಿದ್ದ. ಪ್ರತಿ ಬರಹಕ್ಕೂ ಕಣ್ಣು ಕಿರಿದು ಮಾಡಿ, "ಇದು ಯಾರ ಕೆಲಸ ಅಂತ ನನಗ ಗೊತ್ತದ" ಎನ್ನುತ್ತಿದ್ದ.

ನಾನು ಬ್ಯಾನರ್ ಮಾಡಿಸಲು ಹೋದ ದಿನ, ರಜೆ ಮುಗಿದು ಶಾಲೆ ತೆರೆದ ಮೇಲೂ ಅಂಗಡಿಯಲ್ಲೇ ಉಳಿದಿದ್ದ ಅವನ ಮಗಳು ಹಿಂದೆ ಕೂತು ಹೀರೋನ ಬ್ಯಾನರಿಗೆ ಹಗ್ಗ ಕಟ್ಟುವ ರಿಂಗುಗಳನ್ನು ಸುತ್ತಿಗೆಯಿಂದ ಬಡಿಯುತ್ತಿದ್ದಳು. ಆತ ಹೊಸ ಬರಹವೊಂದನ್ನು ಗಟ್ಟಿಯಾಗಿ ಓದಿದ: "ಹೀರೋ ಸಾಬ್, ನಮ್ಮಪ್ಪ ನನ್ನ ಸಾಲಿ ಬಿಡಿಸ್ಯಾನ. ನಿಮ್ಮ ಮಾತು ಒಂದೇ ಕೇಳ್ತಾನ. ಒಮ್ಮೆ ಹೇಳ್ರಿ."

ಆಮೇಲೆ ನನ್ನನ್ನೇ ದಿಟ್ಟಿಸಿದ. "ನಿಮ್ಮ ಓಣಿ ಹುಡುಗಿನೇ ಇರಬೇಕ್ರಿ. ಯಾರ ಕೆಲಸ ಅಂತ ನನಗ ಗೊತ್ತದ."

ಅವನ ಬೆನ್ನ ಹಿಂದೆ ಸುತ್ತಿಗೆಯ ಸದ್ದು ಆಗಲೇ ನಿಂತಿತ್ತು.