ರತ್ನಾಬಾಯಿಯ ಬನ್ನಿ ನಮಸ್ಕಾರ

ಲಂಡನ್ನಿನ ಗ್ರೀನ್‌ಫರ್ಡ್ ಬಡಾವಣೆಯ ಹಲ್ಲಿನ ದವಾಖಾನೆಯಲ್ಲಿ ನರ್ಸ್ ರತ್ನಾಬಾಯಿಗೆ ಎಲ್ಲರೂ ಹೆದರುತ್ತಿದ್ದರು, ಮೈಸೂರಿನ ಡಾಕ್ಟರ್ ವೇದಾ ಕೂಡ. ಧಾರವಾಡದ ಮಡಿಮನೆಯಲ್ಲಿ ಬೆಳೆದ ಹೆಂಗಸು ಲಂಡನ್ನಿಗೆ ಬಂದು ದಿನವಿಡೀ ಮಂದಿಯ ಎಂಜಲಿನಲ್ಲಿ ಕೈಯಾಡಿಸುವಂತಾದದ್ದು ದೇವರ ಚೇಷ್ಟೆಯೇ ಸರಿ. ಆ ಮಡಿಯನ್ನೇ ಆಕೆ ಇಲ್ಲಿಗೂ ತಂದಿದ್ದಳು. ಕೈಗವಸು ಹಾಕಿದ ಮೇಲೆ ಯಾರಾದರೂ ಮೂಗು ತುರಿಸಿಕೊಂಡರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಶುಚಿತ್ವದ ತಪಾಸಣೆಗೆ ಬಂದ ಅಧಿಕಾರಿಗಳು ಹೊಗಳಿ ಹೋದದ್ದನ್ನು ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗಿನ ದೋಸೆ ಹೋಟೆಲಿನವರೆಗೂ ಹೇಳಿಕೊಂಡು ಬಂದಿದ್ದಳು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದು ವಿಜಯದಶಮಿಯ ದಿನ.

ಅಂದು ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದವಳು ಬೆಳಗಾವಿ ಕಡೆಯ ಮುದುಕಿ ನಾಗವ್ವ. ಲಂಡನ್ನಿನಲ್ಲಿ ರತ್ನಾಬಾಯಿಗೆ ಕಾಲು ಮುಟ್ಟಿ ನಮಸ್ಕರಿಸಲು ಇದ್ದ ಹಿರಿಯ ಜೀವ ಅದೊಂದೇ. ವೇದಾ ಸೂಜಿ ಚುಚ್ಚಿ, ದವಡೆ ಮರಗಟ್ಟುವಷ್ಟರಲ್ಲಿ ಎಕ್ಸ್‌ರೇ ನೋಡಿ ಬರೋಣವೆಂದು ಪಕ್ಕದ ಕೋಣೆಗೆ ಹೋದರು. ನಾಗವ್ವ ಕೋಟಿನ ಜೇಬಿನಿಂದ, ಊರಿಂದ ತರಿಸಿದ್ದ ಒಣ ಬನ್ನಿ ಎಲೆ ತೆಗೆದಳು.

“ಹಬ್ಬ ಐತಿ, ಬರೇ ಕೈಲೆ ಹೆಂಗ್ ಬರ್ಲಿ? ತಗೋಳವಾ. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು.”

ಬನ್ನಿ ಕೊಟ್ಟರೆ ಬೇಡವೆನ್ನುವವರುಂಟೆ? ರತ್ನಾಬಾಯಿ ಎಲೆ ತೆಗೆದುಕೊಂಡು ಜೇಬಿಗಿಟ್ಟಳು. ಬಗ್ಗಿ, ಮುದುಕಿಯ ಸೀರೆಯ ಕೆಳಗೆ ರಸ್ತೆಯ ಕೆಸರು ಮೆತ್ತಿದ್ದ ಬೂಟುಗಾಲು ಮುಟ್ಟಿ ಹಣೆಗೊತ್ತಿಕೊಂಡಳು. ಅಷ್ಟರಲ್ಲಿ ವೇದಾ ಬಂದರು. ರತ್ನಾಬಾಯಿ ಎಂಜಲು ಹೀರುವ ಕೊಳವೆಯನ್ನು ನಾಗವ್ವನ ಬಾಯಿಗಿಟ್ಟಳು, ಹತ್ತಿ ಒತ್ತಿದಳು, ಹಲ್ಲು ಬಂತು. ಆಮೇಲೆ ನೋಡಿಕೊಂಡರೆ ನೀಲಿ ಕೈಗವಸಿನ ಬೆರಳಿಗೆ ಬನ್ನಿಯ ಚೂರೊಂದು ಅಂಟಿತ್ತು. ಕೈಗವಸು ಬದಲಿಸಿಯೇ ಇರಲಿಲ್ಲ! ಹಿರಿಯರ ಪಾದಕ್ಕೂ ಹೊಲಸಿಗೂ ಸಂಬಂಧವಿದೆಯೆಂದು ಆ ಗಳಿಗೆಯಲ್ಲಿ ಹೊಳೆದೇ ಇರಲಿಲ್ಲ. ಒಂದು ಮಾತು ಹೇಳಿದ್ದರೆ ವೇದಾ ಅಲ್ಲೇ ಗಾಯ ತೊಳೆದು ಮುಂದಿನದನ್ನು ನೋಡಿಕೊಳ್ಳುತ್ತಿದ್ದರು. ಆದರೆ ಮಾನ ಹೋಗುತ್ತದಲ್ಲ! ರತ್ನಾಬಾಯಿ ತುಟಿ ಪಿಟಕ್ಕೆನ್ನಲಿಲ್ಲ.

ವಾರದೊಳಗೆ ನಾಗವ್ವನ ಕೆನ್ನೆ ಹೂರಣಗಡುಬಿನಂತೆ ಊದಿತು. ಮಗ ವಿಕಾಸ ಫೋನು ಮಾಡಿದ.

“ಬ್ಯಾಡಂದ್ರೂ ಕೇಳದ ಮರುದಿನಾನ ಕರದಂಟು ತಿಂದಾಳ್ರೀ ಅವ್ವ. ಎಲ್ಲಾ ನಂದ ತಪ್ಪು ಅಂತ ಅಳಾಕತ್ತಾಳ.”

ತನ್ನ ಪಾಪವನ್ನು ಮುದುಕಿ ಹೊತ್ತು ಅಳುತ್ತಿದ್ದಾಳೆ! ರತ್ನಾಬಾಯಿ ಕೇಳಿಸಿಕೊಂಡು ಫೋನು ಇಟ್ಟಳು. “ಸೋಂಕು ಹೇಗಾಯ್ತೋ” ಎಂದು ವೇದಾ ತಮ್ಮಷ್ಟಕ್ಕೆ ಗೊಣಗಿದರೂ ಸಾಕು, ರತ್ನಾಬಾಯಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡಳು. ಕೊನೆಗೆ ತಡೆಯಲಾರದೆ ವೇದಾ ಎದುರು ಬಾಯಿ ಬಿಟ್ಟಳು.

ವೇದಾ ನಾಗವ್ವನ ಎಕ್ಸ್‌ರೇ ಮತ್ತೆ ತೆಗೆದು ನೋಡಿದರು. “ಆ ಹಲ್ಲಲ್ಲಿ ಮೊದಲೇ ಕೀವಿತ್ತು, ರತ್ನಾ. ನಿಮ್ಮಿಂದಲೇ ಆಯ್ತು ಅಂತಾನೂ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಆದ್ರೆ ಅವತ್ತೇ ಹೇಳ್ಬೇಕಿತ್ತು. ಈಗ ಅವರಿಗೂ ಹೇಳ್ಬೇಕು.”

ಮಾತ್ರೆಯಿಂದ ಬಾವು ಇಳಿದ ಮೇಲೆ ನಾಗವ್ವ ತೋರಿಸಲು ಬಂದಳು. ಡಾಕ್ಟರ ಎದುರಿನಲ್ಲೇ ರತ್ನಾಬಾಯಿ ಹೇಳಿದಳು:

“ಕರದಂಟಿನ ಮ್ಯಾಲೆ ಹಾಕಬ್ಯಾಡ್ರಿ ಅವ್ವಾರ. ನಿಮ್ಮ ಕಾಲು ಮುಟ್ಟಿದ ಕೈನ ನಿಮ್ಮ ಬಾಯಾಗ ಹಾಕೇನ್ರಿ. ಗೊತ್ತಾದ ಮ್ಯಾಲೂ ಬಾಯಿ ಮುಚ್ಕೊಂಡು ಕುಂತೆ.”

ನಾಗವ್ವ ಬಾವು ಇಳಿದ ಕೆನ್ನೆ ಸವರಿಕೊಂಡಳು. “ಹೋಗ್ಲಿ ಬಿಡವಾ, ಆರಾಮಾತಲ್ಲ” ಎಂದಳು. ರತ್ನಾಬಾಯಿಯ ಎದೆ ಹಗುರಾಯಿತು. ಕೈಗವಸು ಕಳಚಿ, ಬರಿಗೈಯಲ್ಲಿ ಕ್ಷಮೆ ಕೇಳಲು ಕಾಲಿಗೆ ಬಗ್ಗಿದಳು.

ನಾಗವ್ವ ಎರಡೂ ಕಾಲುಗಳನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡಳು.

“ಬ್ಯಾಡವಾ, ಮುಟ್ಟಬ್ಯಾಡ. ನನ್ನ ಕಾಲು ಹೊಲಸದಾವ.”

ತನ್ನ ಪಾದದ ಬಗ್ಗೆ ತಾನೇ ನಾಚಿಕೊಂಡವಳಂತೆ ಮುದುಕಿ ಮುಖ ತಿರುಗಿಸಿದಳು. ಬಗ್ಗಿದ್ದ ರತ್ನಾಬಾಯಿ ಬರಿಯ ನೆಲವನ್ನು ಮುಟ್ಟಿ ಎದ್ದಳು.